ಕಾಲಿದ್ದಷ್ಟೇ ಹಾಸಿಗೆ

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ನಾವು ನಾಲ್ಕೂ ಜನ ಇಂಗ್ಲಿಷ್ ಮೀಡಿಯಂನವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಹಾಗಾಗಿ ನಮ್ಮ ಕನ್ನಡ ಮಾತಾಡುವಾಗ ಓಡುತ್ತೆ, ಬರೆಯುವಾಗ ಕುಂಟುತ್ತೆ. ಒತ್ತಕ್ಷರ ತಪ್ಪಿದ್ದರೆ ಸಂಪಾದಕರನ್ನು ಬೈಯಬೇಡಿ, ನಮ್ಮನ್ನೇ ಬೈಯಿರಿ. "ಟೆಕ್ನಿಕಲ್ ವಿಷಯ ಕನ್ನಡದಲ್ಲಿ ಬರೀರಪ್ಪ, ಎಲ್ಲರೂ ಮಳೆ, ಹಾಸ್ಟೆಲ್, ಅಮ್ಮನ ನೆನಪು ಅಂತಾನೇ ಬರೀತಾರೆ" ಎಂದು ಸಂಘದವರು ಕೇಳಿದಾಗ ನಮ್ಮ ಹತ್ತಿರ ಇದ್ದದ್ದು ಒಂದೇ ವಿಷಯ. ಕ್ಲೌಡ್ ಸರ್ವರ್ ಒಂದನ್ನು ದೊಡ್ಡದು ಮಾಡಿ, ವಾಪಸ್ ಚಿಕ್ಕದು ಮಾಡೋದನ್ನ ಮರೆತ ಕಥೆ. ಅದರ ಸಾಲ ಇನ್ನೂ ತೀರಿಲ್ಲ.

ಕಳೆದ ಮಾರ್ಚ್‌ನಲ್ಲಿ ನಾವಿನ್ನೂ ಫಸ್ಟ್ ಇಯರ್. ಕಾಲೇಜು ಫೆಸ್ಟ್‌ನ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ ಸೀನಿಯರ್‌ಗಳಿಗೆ ಇಂಟರ್ನ್‌ಶಿಪ್ ಗಡಿಬಿಡಿ. "ಕೋಡ್ ರೆಡಿ ಇದೆ, ಹೋಸ್ಟ್ ಮಾಡ್ಬಿಡ್ರೋ, ಅಷ್ಟೇ" ಅಂತ ನಮ್ಮ ಕೈಗೆ ಕೊಟ್ಟು ಹೋದರು. ನಮ್ಮಲ್ಲಿ ಒಬ್ಬ ತಿಪಟೂರಿನವನು, ಒಬ್ಬಳು ದಾವಣಗೆರೆಯವಳು, ಒಬ್ಬಳು ಶಿರಸಿಯವಳು, ಇನ್ನೊಬ್ಬ ಇಲ್ಲೇ ಲೋಕಲ್. ಹೆಸರು ಬೇಡ, ಊರಲ್ಲೇ ಗುರುತು ಹಿಡಿಯಿರಿ.

ಕ್ಲೌಡ್ ಖಾತೆ ತೆರೆಯಲು ಕಾರ್ಡ್ ಬೇಕು. ನಮ್ಮ ಯಾರ ಹತ್ತಿರವೂ ಇರಲಿಲ್ಲ. ತಿಪಟೂರಿನವನು ಅಪ್ಪನಿಗೆ ಫೋನ್ ಹಚ್ಚಿದ. ಅವರದ್ದು ಬಸ್ ಸ್ಟ್ಯಾಂಡ್ ಹತ್ತಿರ ಒಂದು ಚಿಕ್ಕ ಹೋಟೆಲ್. ಆರು ಟೇಬಲ್, ತಟ್ಟೆ ಇಡ್ಲಿ, ದೋಸೆ, ಕಾಫಿ.

"ಎಷ್ಟಾಗುತ್ತೋ?"

"ಒಂದೂವರೆ ಎರಡು ಸಾವಿರ ಅಷ್ಟೇ ಅಪ್ಪ. ಕಾಲೇಜಿನವರು ಕೊಡ್ತಾರೆ."

"ಸರಿ, ಹುಷಾರು" ಅಂದು ಅವರು ಕಾರ್ಡ್ ನಂಬರ್ ಓದಿ ಹೇಳಿದರು. ಒಂದೇ ಮಾತಿಗೆ ಒಪ್ಪಿದ್ದು ನೋಡಿ ನಮಗೇ ಸ್ವಲ್ಪ ಆಶ್ಚರ್ಯ ಆಯ್ತು.

ನಾವು ಬಾಡಿಗೆಗೆ ಹಿಡಿದದ್ದು 2 ಜಿಬಿ ಮೆಮೊರಿಯ ಪುಟ್ಟ ಯಂತ್ರ. ಗಂಟೆಗೆ ಎರಡು ರೂಪಾಯಿಗೆ ಸ್ವಲ್ಪ ಕಮ್ಮಿ. ಕ್ಲೌಡ್ ಅಂದರೆ ಆಕಾಶದಲ್ಲಿ ಏನೂ ಇಲ್ಲ, ಯಾವುದೋ ಊರಿನ ದೊಡ್ಡ ಕಟ್ಟಡದಲ್ಲಿ ಸಾಲಾಗಿ ಜೋಡಿಸಿದ ಕಂಪ್ಯೂಟರ್‌ಗಳು. ಅದರಲ್ಲಿ ಒಂದು ಪಾಲನ್ನು ನಮಗೆ ಬಾಡಿಗೆಗೆ ಕೊಡುತ್ತಾರೆ. ಆ ಒಂದೊಂದು ಪಾಲಿಗೂ ಇನ್‌ಸ್ಟನ್ಸ್ ಅಂತಾರೆ. ವೆಬ್‌ಸೈಟ್, ಡೇಟಾಬೇಸ್, ಎರಡನ್ನೂ ಆ ಒಂದೇ ಇನ್‌ಸ್ಟನ್ಸ್ ಮೇಲೆ ಕೂರಿಸಿದೆವು. ನಾಲ್ಕೂ ಜನ ನಮ್ಮ ನಮ್ಮ ಫೋನಲ್ಲಿ ತೆರೆದು ನೋಡಿದೆವು. ಬೆಣ್ಣೆ ಹಾಗೆ ಓಡ್ತು. ಟೆಸ್ಟಿಂಗ್ ಆಯ್ತು ಅಂತ ಮಲಗಿದೆವು.

ಮಾರ್ಚ್ 8, ರಾತ್ರಿ 8 ಗಂಟೆ. ನೋಂದಣಿ ಶುರು. ವರ್ಕ್‌ಶಾಪ್ ಸೀಟು ಕಮ್ಮಿ, ಮೊದಲು ಬಂದವರಿಗೆ ಮೊದಲು ಅಂತ ನಾವೇ ಪೋಸ್ಟರ್‌ನಲ್ಲಿ ಹಾಕಿದ್ದೆವು. ಅಂದರೆ ಎಲ್ಲರೂ 8 ಗಂಟೆಗೇ ಬನ್ನಿ ಅಂತ ನಾವೇ ಕರೆದ ಹಾಗಾಯ್ತು. 8 ಗಂಟೆ 3 ನಿಮಿಷಕ್ಕೆ ಸೈಟ್ ಮಲಗಿತು.

ಮಲಗಿದ್ದು ಯಾಕೆ ಅಂತ ಆಮೇಲೆ ಲಾಗ್ ಓದಿದಾಗ ಗೊತ್ತಾಯ್ತು. ಒಬ್ಬೊಬ್ಬರು ಬಂದಾಗಲೂ ಸರ್ವರ್ ಸ್ವಲ್ಪ ಸ್ವಲ್ಪ ಮೆಮೊರಿ ತೆಗೆದಿಡುತ್ತೆ. ನೂರಾರು ಜನ ಒಟ್ಟಿಗೆ ಬಂದರೆ 2 ಜಿಬಿ ಎಲ್ಲಿ ಸಾಲುತ್ತೆ? ಮೆಮೊರಿ ಪೂರ್ತಿ ಮುಗಿದಾಗ ಲಿನಕ್ಸ್ ಯಾವುದಾದರೂ ಒಂದು ಪ್ರೋಗ್ರಾಂ ಅನ್ನು ಸಾಯಿಸಿ ಜಾಗ ಮಾಡಿಕೊಳ್ಳುತ್ತೆ. ಆ ಕೆಲಸ ಮಾಡುವ ಭಾಗಕ್ಕೆ ಓಓಎಂ ಕಿಲ್ಲರ್ ಅಂತಲೇ ಹೆಸರು. ಸಾಮಾನ್ಯವಾಗಿ ಅದರ ಕಣ್ಣು ಬೀಳೋದು ಜಾಸ್ತಿ ಮೆಮೊರಿ ತಿನ್ನುತ್ತಿರುವವನ ಮೇಲೆ. ನಮ್ಮಲ್ಲಿ ಅದು ಡೇಟಾಬೇಸ್. ಅಂದರೆ ಸೀಟು ಬರೆದುಕೊಳ್ಳಬೇಕಾದವನನ್ನೇ ಅದು ಮುಗಿಸಿತ್ತು. ಸೈಟ್ ತೆರೆಯದಿದ್ದಾಗ ಜನ ಸುಮ್ಮನಿರುತ್ತಾರಾ? ರಿಫ್ರೆಶ್, ರಿಫ್ರೆಶ್, ರಿಫ್ರೆಶ್. ಒಬ್ಬೊಬ್ಬರು ಹತ್ತತ್ತು ಜನರಾದರು. ಡೇಟಾಬೇಸ್ ಎಬ್ಬಿಸಿದ ತಕ್ಷಣ ಮತ್ತೆ ಬೀಳುತ್ತಿತ್ತು.

ವಾಟ್ಸಾಪ್ ಗುಂಪುಗಳಲ್ಲಿ ಶುರುವಾಯ್ತು. "ಯಾರ್ ಗುರು ಇದನ್ನ ಮಾಡಿದ್ದು?" "ಸರ್ವರ್ ಕ್ಯಾಂಟೀನಿಗೆ ಹೋಗಿದೆ." ನಮ್ಮ ಕ್ಲಾಸಿನವರೇ ಮೀಮ್ ಮಾಡಿದರು. ಶಿರಸಿಯವಳು ಫೋನ್ ಉಲ್ಟಾ ಮಾಡಿ ಇಟ್ಟಳು.

"ದೊಡ್ಡದು ಮಾಡೋಣ" ಅಂದ ಲೋಕಲ್. ಹೇಗೆ ಅಂತ ಅಲ್ಲೇ ಕೂತು ಓದಿದೆವು. ವಿಧಾನ ಸುಲಭ: ಯಂತ್ರ ನಿಲ್ಲಿಸು, ಸೈಜ್ ಬದಲಿಸು, ಮತ್ತೆ ಚಾಲೂ ಮಾಡು. ಪಟ್ಟಿಯಲ್ಲಿ 2, 4, 8, 16, 32 ಜಿಬಿ. ಒಂದೊಂದು ಮೆಟ್ಟಿಲು ಹತ್ತಿದಾಗಲೂ ಬಾಡಿಗೆ ಎರಡು ಪಟ್ಟು. 8 ಸಾಕು ಅಂತ ದಾವಣಗೆರೆಯವಳು ಹೇಳಿದಳು. "ಸಾಲದೆ ಇದ್ರೆ? ಮತ್ತೆ ನಿಲ್ಲಿಸಬೇಕು, ಮತ್ತೆ ಬೈಸಿಕೊಳ್ಳಬೇಕು" ಅಂತ ಉಳಿದ ಮೂವರೂ ಕೂಗಿದೆವು. ಒಂದೇ ಏಟಿಗೆ 32ಕ್ಕೆ ಹಾರಿದೆವು. ಭಯದಲ್ಲಿ ಡಿಸ್ಕ್ ಅನ್ನೂ 20 ಜಿಬಿಯಿಂದ 100ಕ್ಕೆ ಏರಿಸಿದೆವು. ಡಿಸ್ಕ್ ತುಂಬಿರಲೇ ಇಲ್ಲ. ಯಾಕೆ ಏರಿಸಿದ್ವಿ ಅಂತ ಇವತ್ತಿಗೂ ಯಾರೂ ಉತ್ತರ ಹೇಳಿಲ್ಲ.

ಯಂತ್ರ ಎದ್ದಿತು, ಸೈಟ್ ಏಳಲಿಲ್ಲ. ನಿಲ್ಲಿಸಿ ಚಾಲೂ ಮಾಡಿದಾಗ ಅದರ ಐಪಿ ವಿಳಾಸವೇ ಬದಲಾಗಿತ್ತು. ಮೊದಲೇ ಒಂದು ಸ್ಥಿರ ವಿಳಾಸ ಕಟ್ಟಿಡಬೇಕು ಅನ್ನೋದು ನಮಗೆ ಗೊತ್ತಿರಲಿಲ್ಲ. ಡೊಮೇನ್ ಇನ್ನೂ ಹಳೇ ಮನೆಯ ಬಾಗಿಲನ್ನೇ ತೋರಿಸುತ್ತಿತ್ತು. ಅದನ್ನು ಸರಿ ಮಾಡಿದರೂ ಹಳೇ ವಿಳಾಸ ನೆನಪಿಟ್ಟುಕೊಂಡಿದ್ದ ಫೋನುಗಳಿಗೆ ಸ್ವಲ್ಪ ಹೊತ್ತು ಸೈಟ್ ಸಿಗಲಿಲ್ಲ. ಅಂತೂ 9 ಗಂಟೆ ಹೊತ್ತಿಗೆ ಎಲ್ಲಾ ಸರಿಯಾಯ್ತು. ಆಮೇಲೆ ಒಂದು ಸಲವೂ ಬೀಳಲಿಲ್ಲ. ಗುಂಪಿನಲ್ಲಿ ಚಪ್ಪಾಳೆ ಎಮೋಜಿ ಬಂದವು. ಒಬ್ಬ ಸೀನಿಯರ್ "ಫಸ್ಟ್ ಇಯರ್‌ಗೆ ಪರವಾಗಿಲ್ಲ ಕಣ್ರೋ" ಅಂದ. ಆ ರಾತ್ರಿ ನಾವು ಮೆಸ್ ಬಿಟ್ಟು ಹೊರಗೆ ಎಗ್ ರೈಸ್ ತಿಂದೆವು.

ಕನ್ನಡದಲ್ಲಿ ಇದಕ್ಕೆ ಒಳ್ಳೇ ಜೋಡಿ ಪದ ಇದೆ. ಹಿಗ್ಗಿಸುವುದು, ಕುಗ್ಗಿಸುವುದು. ಹಿಗ್ಗು ಅಂದರೆ ದೊಡ್ಡದಾಗೋದು, ಖುಷಿಪಡೋದು ಕೂಡ. ಕುಗ್ಗು ಅಂದರೆ ಚಿಕ್ಕದಾಗೋದು, ಮನಸ್ಸು ಸಣ್ಣದಾಗೋದು ಕೂಡ. ನಾವು ಹಿಗ್ಗಿಸಿದೆವು, ಹಿಗ್ಗಿದೆವು. ಕುಗ್ಗಿಸೋದು ನೆನಪಾಗಲಿಲ್ಲ. ಫೆಸ್ಟ್ ಎರಡು ದಿನ ನಡೆಯಿತು, ಮುಗಿಯಿತು. ಮರುದಿನದಿಂದ ಇಂಟರ್ನಲ್ಸ್. ಫೆಸ್ಟ್ ಮುಗಿದ ಸೈಟಿಗೆ ದಿನಕ್ಕೆ ಹತ್ತು ಜನ ಬಂದರೆ ಹೆಚ್ಚು, ಅವರೂ ಸರ್ಟಿಫಿಕೇಟ್ ಎಲ್ಲಿ ಅಂತ ಕೇಳುವವರು. ಆ ಹತ್ತು ಜನರಿಗಾಗಿ 32 ಜಿಬಿಯ ಯಂತ್ರ ಹಗಲು ರಾತ್ರಿ ಉರಿಯುತ್ತಿತ್ತು. ಗಂಟೆಗೆ ಸುಮಾರು 30 ರೂಪಾಯಿ. ನಾವು ನಿದ್ದೆ ಮಾಡುವಾಗಲೂ 30, ಗಣಿತದ ಇಂಟರ್ನಲ್ ಬರೆಯುವಾಗಲೂ 30.

ಏಪ್ರಿಲ್ 3ರ ಬೆಳಿಗ್ಗೆ ಎಂಟೂಮುಕ್ಕಾಲು ಇರಬೇಕು. ನಾಲ್ವರೂ ಕ್ಯಾಂಟೀನಲ್ಲಿದ್ದೆವು. ತಿಪಟೂರಿನವನ ಫೋನ್ ಬಂತು, ಸ್ಪೀಕರ್‌ನಲ್ಲೇ ಇತ್ತು.

"ಮಗಾ, ಬ್ಯಾಂಕಿಂದ ಒಂದು ಮೆಸೇಜ್ ಬಂದದೆ. ಹತ್ತೊಂಬತ್ತು ಸಾವಿರದ ಎಂಟ್ನೂರು ಚಿಲ್ಲರೆ ಕಟ್ಟಬೇಕಂತೆ, ಒಪ್ಪಿಗೆ ಕೊಡಿ ಅಂತದೆ. ಇಂಗ್ಲಿಷಲ್ಲದೆ. ಇದು ಆ ಮೋಸದೋರ್ದು ಇರಬೇಕಲ್ವಾ? ಪೇಪರ್‌ನಾಗೆ ದಿನಾ ಬರ್ತದಲ್ಲ."

ತಿಂಗಳು ತಿಂಗಳು ತಾನಾಗೇ ಕಟ್ ಆಗುವ ಇಂಥ ಪಾವತಿ 15,000 ರೂಪಾಯಿ ದಾಟಿದರೆ ಕಾರ್ಡಿನವರ ಒಪ್ಪಿಗೆ ಕೇಳಬೇಕು ಅಂತ ನಿಯಮ ಇದೆ. ಆ ನಿಯಮ ಇಲ್ಲದಿದ್ದರೆ ದುಡ್ಡು ಹೋದ ಮೇಲೆ ಗೊತ್ತಾಗುತ್ತಿತ್ತು.

ಯಾರೂ ಮಾತಾಡಲಿಲ್ಲ. ಆಮೇಲೆ ನಮ್ಮಲ್ಲೊಬ್ಬರು ಸಣ್ಣ ದನಿಯಲ್ಲಿ ಹೇಳಿದರು: "ಹೌದು ಮೋಸ, ಕಾರ್ಡ್ ಬ್ಲಾಕ್ ಮಾಡಿಸಿ ಅಂತ ಹೇಳ್ಬಿಡೋ." ಹೇಳಿದ್ದು ಯಾರು ಅಂತ ಇಲ್ಲಿ ಬರೆಯಲ್ಲ. ಬಾಯಿ ಒಬ್ಬರದ್ದು, ಯೋಚನೆ ನಾಲ್ವರದ್ದೂ ಅದೇ ಆಗಿತ್ತು. ಅಪ್ಪ ನಂಬುತ್ತಿದ್ದರು. ಅವರೇ ಅರ್ಧ ನಂಬಿದ್ದರು. ಕಾರ್ಡ್ ಬ್ಲಾಕ್ ಆಗುತ್ತಿತ್ತು, ಖಾತೆ ಬಾಕಿಯಲ್ಲಿ ಬೀಳುತ್ತಿತ್ತು, ಆಮೇಲೆ ನೋಡಿಕೊಳ್ಳೋಣ ಅಂತ ನಾವು ಕ್ಲಾಸಿಗೆ ಹೋಗುತ್ತಿದ್ದೆವು.

ತಿಪಟೂರಿನವನು ಫೋನ್ ಕೈಯಲ್ಲಿ ಹಿಡಿದು ನಮ್ಮ ಮುಖ ನೋಡಿದ. ದಾವಣಗೆರೆಯವಳು ತಲೆ ಅಡ್ಡ ಆಡಿಸಿದಳು. ಅವನು ಹೇಳಿದ: "ಅಪ್ಪ, ಮೋಸ ಅಲ್ಲ. ನಮ್ಮದೇ ಬಿಲ್ಲು. ನಾವು ಮರ್ತ್ವಿ."

ಆ ಕಡೆ ಪಾತ್ರೆ ಸದ್ದು ಕೇಳಿಸುತ್ತಿತ್ತು. ಯಾರೋ "ಎರಡು ಇಡ್ಲಿ ಒಂದು ವಡೆ" ಅಂದರು. ಅಪ್ಪ ಇಷ್ಟೇ ಹೇಳಿದರು: "ಈಗ ನಿಲ್ಸಿದೀರಾ?"

ನಿಲ್ಲಿಸಿರಲಿಲ್ಲ. ಫೋನ್ ಇಟ್ಟು ಲ್ಯಾಬಿಗೆ ಓಡಿದೆವು. 9 ಗಂಟೆಗೆ ಯಂತ್ರವನ್ನು ವಾಪಸ್ 2 ಜಿಬಿಗೆ ತಂದೆವು. ಏಪ್ರಿಲ್‌ನ ಆ ಎರಡೂಕಾಲು ದಿನದ್ದು ಇನ್ನೆರಡು ಸಾವಿರ ಸೇರಿ ಒಟ್ಟು 21,800. ಡಿಸ್ಕ್ ಮಾತ್ರ ಕುಗ್ಗಲಿಲ್ಲ. ಅಲ್ಲಿ ಡಿಸ್ಕ್ ಹಿಗ್ಗಿಸಬಹುದು, ಕುಗ್ಗಿಸಲು ಬಟನ್ನೇ ಇಲ್ಲ. ಹೊಸದಾಗಿ ಚಿಕ್ಕ ಡಿಸ್ಕ್ ಮಾಡಿ, ಡೇಟಾ ನಕಲು ಮಾಡಿ, ಹಳೇದನ್ನು ಅಳಿಸಬೇಕು. ಅದಕ್ಕೆ ಒಂದು ಸಂಜೆ ಹೋಯ್ತು.

ಕಂಪನಿಗೆ ಮೇಲ್ ಹಾಕಿ ಮನ್ನಾ ಕೇಳೋಣ ಅಂತ ಒಂದು ಯೋಚನೆ ಬಂತು. ಏನಂತ ಬರೆಯೋದು? ನಾವು ದೊಡ್ಡದು ಕೇಳಿದ್ವಿ, ಅವರು ದೊಡ್ಡದು ಕೊಟ್ರು. ಬಿಲ್ ಇಷ್ಟು ದಾಟಿದರೆ ಮೇಲ್ ಕಳಿಸು ಅಂತ ಹೇಳಿಡುವ ಸೌಲಭ್ಯವೂ ಇತ್ತು, ಎರಡು ನಿಮಿಷದ ಕೆಲಸ. ನಾವು ಹಾಕಿರಲಿಲ್ಲ. ಫೆಸ್ಟ್ ಸಮಿತಿಯ ಸರ್ ಹತ್ತಿರ ಹೋದೆವು. ವೆಬ್‌ಸೈಟ್ ಖಾತೆಯಲ್ಲಿ 5,000 ಇದೆ, ಅದಕ್ಕಿಂತ ಒಂದು ರೂಪಾಯಿ ಕೊಡಕ್ಕಾಗಲ್ಲ ಅಂದರು. ಅವರು ಹೇಳಿದ್ದೂ ನ್ಯಾಯವೇ. ಉಳಿದದ್ದು 16,800. ತಲೆಗೆ 4,200.

ನಿಮ್ಮಲ್ಲಿ ಕೆಲವರಿಗೆ 4,200 ದೊಡ್ಡದಲ್ಲದೇ ಇರಬಹುದು. ನಮ್ಮಲ್ಲಿ ಒಬ್ಬಳು ಸ್ಕಾಲರ್‌ಶಿಪ್ ಮೇಲೆ ಓದುವವಳು, ಸಂಜೆ ಇಬ್ಬರು ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ. ಮನೆಯಲ್ಲಿ ಕೇಳೋದಿಲ್ಲ ಅಂತ ನಾಲ್ವರೂ ಒಪ್ಪಂದ ಮಾಡಿಕೊಂಡೆವು.

ಮುಂದಿನ ಭಾನುವಾರ ರೈಲು ಹತ್ತಿ ತಿಪಟೂರಿಗೆ ಹೋದೆವು. ಅಂಕಲ್ ಬೈತಾರೆ ಅಂದುಕೊಂಡಿದ್ದೆವು. "ಮೊದ್ಲು ತಿಂಡಿ ತಿನ್ರಪ್ಪಾ, ಕೂತ್ಕೊಳ್ರಮ್ಮಾ" ಅಂದರು. ತಟ್ಟೆ ಇಡ್ಲಿ ಬಂತು, ಮೇಲೆ ಬೆಣ್ಣೆ. ತಂದಿಟ್ಟವರು ಅಲ್ಲಿ ಕೆಲಸ ಮಾಡುವ ಒಬ್ಬ ಹಿರಿಯರು. ಅಂಕಲ್ ಅವರ ಕಡೆ ಕೈ ತೋರಿಸಿ ನಕ್ಕರು: "ನಮ್ಮಲ್ಲೂ ಒಬ್ಬ ಸರ್ವರ್ ಅವನೆ ನೋಡ್ರಪ್ಪ. ಬೆಳಗ್ಗೆ ಐದಕ್ಕೆ ಬರ್ತಾನೆ, ರಾತ್ರಿ ಒಂಬತ್ತಕ್ಕೆ ಹೋಗ್ತಾನೆ. ತಿಂಗಳಿಗೆ ಇವನಿಗೆ ಕೊಡೋದಕ್ಕಿಂತ ನಿಮ್ಮ ಸರ್ವರ್‌ಗೇ ಜಾಸ್ತಿ ಆಯ್ತಲ್ರೋ."

ಅವರು ಜೋಕ್ ಅಂತಲೇ ಹೇಳಿದರು. ನಮಗೆ ಇಡ್ಲಿ ಗಂಟಲಲ್ಲಿ ನಿಂತಿತು. ಯಾರೂ ಇಲ್ಲದ ಮನೆಯಲ್ಲಿ ಎಲ್ಲಾ ದೀಪ ಉರಿಸಿಟ್ಟು ನಾವು ಕಳೆದದ್ದು ಒಬ್ಬ ಮನುಷ್ಯನ ಒಂದು ತಿಂಗಳ ಸಂಬಳ. ಸ್ಕ್ರೀನ್ ಮೇಲೆ ನೋಡಿದಾಗ 19,800 ಒಂದು ಅಂಕಿ ಆಗಿತ್ತು. ಅಲ್ಲಿ ಅದಕ್ಕೊಂದು ಮುಖ ಬಂತು.

ತಿಂಡಿ ಆದ ಮೇಲೆ ಅಂಕಲ್ ಒಳಗೆ ಕರೆದುಕೊಂಡು ಹೋಗಿ ಗ್ರೈಂಡರ್ ತೋರಿಸಿದರು. ತಿಪಟೂರು ಕೊಬ್ಬರಿಯ ಊರು. ಕೊಬ್ಬರಿ ಹರಾಜಿನ ದಿನ ಸುತ್ತಲ ಊರಿಂದ ರೈತರು ಬರುತ್ತಾರೆ, ಹೋಟೆಲ್ ತುಂಬುತ್ತೆ. ಉಳಿದ ದಿನ ಅರ್ಧ ಖಾಲಿ. ಹಾಗಿದ್ದರೆ ಎಷ್ಟು ಹಿಟ್ಟು ರುಬ್ಬೋದು?

"ಸಾಮಾನ್ಯ ದಿನಕ್ಕೆ ಎಂಟು ಕೇಜಿ ಅಕ್ಕಿ, ಹರಾಜಿನ ದಿನ ಹದಿನಾಲ್ಕು. ಆದ್ರೆ ಹಿಟ್ಟು ಉಬ್ಬಕ್ಕೆ ಒಂದು ರಾತ್ರಿ ಬೇಕು. ಬೆಳಗ್ಗೆ ಜನ ಕಂಡ ಮೇಲೆ ರುಬ್ತೀನಿ ಅಂದ್ರೆ ಆಗಲ್ಲ, ಹಿಂದಿನ ದಿನಾನೇ ತೀರ್ಮಾನ ಮಾಡ್ಬೇಕು. ಜಾಸ್ತಿ ರುಬ್ಬಿದ್ರೆ ಹುಳಿ ಬರ್ತದೆ, ಕಮ್ಮಿ ರುಬ್ಬಿದ್ರೆ ಗಿರಾಕಿ ಎದುರುಗಡೆ ಹೋಟ್ಲಿಗೆ ಹೋಗ್ತಾನೆ. ಹರಾಜು ಮುಗೀತಿದ್ದಂಗೆ ಎರಡನೇ ಒಲೆ ಆರಿಸ್ಬೇಕು. ಯಾರು ಆರಿಸ್ಬೇಕು ಅಂತ ಬೆಳಗ್ಗೇನೇ ಹೇಳಿರ್ತೀನಿ. ಇಲ್ದಿದ್ರೆ ಅವನು ಆರಿಸ್ತಾನೆ ಅಂತ ಇವನು, ಇವನು ಆರಿಸ್ತಾನೆ ಅಂತ ಅವನು. ಗ್ಯಾಸ್ ಖಾಲಿ."

ನಾಲ್ಕು ಜನ ಇದ್ದರೂ ನಮ್ಮಲ್ಲಿ ಆದದ್ದು ಅದೇ. ನಾಲ್ಕು ಜನ ಇದ್ದದ್ದರಿಂದಲೇ ಆದದ್ದೂ ಅದೇ.

ವಾಪಸ್ ಬಂದ ಮೇಲೆ ಸಿಟ್ಟಿಗೆ ಬಿದ್ದು ಓದಿದೆವು. ಮೊದಲು ನಮ್ಮದೇ ಗ್ರಾಫ್‌ಗಳನ್ನು. ಆ ರಾತ್ರಿ ಸರ್ವರ್ ಎದ್ದ ಮೇಲೆ ಸುಮ್ಮನೆ ನೋಡಿಕೊಂಡು ಕೂತಿದ್ದಾಗ ದಾವಣಗೆರೆಯವಳು ಆಗಾಗ ಮೆಮೊರಿ ಬಳಕೆ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಅತಿ ಹೆಚ್ಚು ಅಂದರೆ 5 ಜಿಬಿ. ಅಂದರೆ ಅವಳು ಹೇಳಿದ 8 ಸಾಕಿತ್ತು. ಅವಳು ಬರೆದಿಡದಿದ್ದರೆ ಅದೂ ಗೊತ್ತಾಗುತ್ತಿರಲಿಲ್ಲ, ಯಾಕಂದ್ರೆ ಕ್ಲೌಡ್‌ನ ಮಾಮೂಲಿ ಗ್ರಾಫಿನಲ್ಲಿ ನಮಗೆ ಸಿಪಿಯು ಕಾಣುತ್ತಿತ್ತು, ಮೆಮೊರಿ ಕಾಣುತ್ತಿರಲಿಲ್ಲ. ಅದಕ್ಕೆ ಯಂತ್ರದ ಒಳಗೆ ಬೇರೆ ಒಂದು ಏಜೆಂಟ್ ಹಾಕಬೇಕು. 8 ಜಿಬಿಯದ್ದನ್ನು ನೋಂದಣಿಗೆ ಒಂದು ದಿನ, ಫೆಸ್ಟ್‌ಗೆ ಎರಡು ದಿನ ಇಟ್ಟು, ಉಳಿದ ದಿನ 2 ಜಿಬಿಗೆ ಇಳಿಸಿದ್ದರೆ ಇಡೀ ಮಾರ್ಚ್‌ಗೆ ತೆರಿಗೆ ಸೇರಿ ಎರಡು ಸಾವಿರದ ಚಿಲ್ಲರೆ. ತಿಪಟೂರಿನವನು ಅಪ್ಪನಿಗೆ ಮೊದಲು ಹೇಳಿದ್ದೂ ಹೆಚ್ಚು ಕಮ್ಮಿ ಅಷ್ಟೇ.

ಆಮೇಲೆ ದೊಡ್ಡವರು ಹೇಗೆ ಮಾಡುತ್ತಾರೆ ಅಂತ ನೋಡಿದೆವು. ದಾರಿ ಎರಡು. ಒಂದು, ನಾವು ಮಾಡಿದ್ದು: ಅದೇ ಯಂತ್ರವನ್ನು ದೊಡ್ಡದು ಮಾಡೋದು. ಹೋಟೆಲ್ ಲೆಕ್ಕದಲ್ಲಿ ಹೇಳಬೇಕೆಂದರೆ ಚಿಕ್ಕ ಕಾವಲಿ ತೆಗೆದು ದೊಡ್ಡ ಕಾವಲಿ ಇಡೋದು. ಇಡುವಾಗ ಒಲೆ ಆರಿಸಬೇಕು, ಗಿರಾಕಿ ಕಾಯಬೇಕು. ಎರಡನೆಯದು, ಪಕ್ಕದಲ್ಲಿ ಅದೇ ಅಳತೆಯ ಇನ್ನೊಂದು ಕಾವಲಿ ಇಡೋದು. ಮೊದಲನೆಯದು ನಿಲ್ಲಬೇಕಾಗಿಲ್ಲ. ಬಂದವರನ್ನು ಎರಡಕ್ಕೂ ಹಂಚಲು ಬಾಗಿಲಲ್ಲಿ ಒಬ್ಬ ನಿಲ್ಲಬೇಕು, ಅವನೇ ಲೋಡ್ ಬ್ಯಾಲೆನ್ಸರ್. ಆದರೆ ಕಾವಲಿ ಹತ್ತಾದರೂ ಚಟ್ನಿ ಪಾತ್ರೆ ಒಂದೇ ಇದ್ದರೆ ಎಲ್ಲರೂ ಅಲ್ಲೇ ಸಾಲು ನಿಲ್ಲುತ್ತಾರೆ. ಡೇಟಾಬೇಸ್ ಆ ಚಟ್ನಿ ಪಾತ್ರೆ. ಹಾಗಾಗಿ ಮೊದಲು ಡೇಟಾಬೇಸ್ ಅನ್ನು ಬೇರೆ ಯಂತ್ರಕ್ಕೆ ಎತ್ತಿಡದೆ ಈ ಆಟ ನಡೆಯಲ್ಲ.

ಈ ಏರಿಸೋದು ಇಳಿಸೋದನ್ನು ಮನುಷ್ಯರ ಕೈಯಿಂದ ತೆಗೆದು ಯಂತ್ರಕ್ಕೇ ಕೊಡುವ ಆಟೋಸ್ಕೇಲಿಂಗ್ ಸೇವೆಯನ್ನು ಅಮೆಜಾನ್ ತನ್ನ ಕ್ಲೌಡ್‌ನಲ್ಲಿ ತಂದದ್ದು 2009ರಲ್ಲಿ. 2014ರಲ್ಲಿ ಗೂಗಲ್ ಹೊರತಂದ ಕುಬರ್ನೆಟೀಸ್‌ನಲ್ಲೂ ಇದಕ್ಕೆ ಒಂದು ವ್ಯವಸ್ಥೆ ಇದೆ, ಅದರ ಸೂತ್ರ ನಮ್ಮ ಹೈಸ್ಕೂಲಿನ ತ್ರೈರಾಶಿ ಅಷ್ಟೇ. ಈಗ 4 ಪ್ರತಿಗಳು ಓಡುತ್ತಿವೆ, ಒಂದೊಂದರ ಮೇಲೂ ಹೊರೆ ಶೇ 90, ನಮಗೆ ಬೇಕಾದ್ದು ಶೇ 60. ಹಾಗಿದ್ದರೆ 4 × 90 ÷ 60, ಅಂದರೆ 6 ಪ್ರತಿ. ಈ ಲೆಕ್ಕವನ್ನು ಅದು ಸಾಮಾನ್ಯವಾಗಿ 15 ಸೆಕೆಂಡಿಗೊಮ್ಮೆ ಮಾಡುತ್ತೆ. ಏರಿಸೋದು ತಕ್ಷಣ. ಇಳಿಸುವ ಮುಂಚೆ ಮಾತ್ರ, ನಾವು ಬೇರೆ ಹೇಳದಿದ್ದರೆ, ಹಿಂದಿನ 5 ನಿಮಿಷದ ಲೆಕ್ಕಗಳನ್ನೆಲ್ಲ ನೋಡಿ ಅದರಲ್ಲಿ ಅತಿ ಹೆಚ್ಚಿನದನ್ನೇ ಇಟ್ಟುಕೊಳ್ಳುತ್ತೆ. ಇಲ್ಲದಿದ್ದರೆ ಹೊರೆ ಸ್ವಲ್ಪ ಅಲ್ಲಾಡಿದಾಗಲೂ ಏರಿ ಇಳಿದು ಏರಿ ಇಳಿದು ಅದರಲ್ಲೇ ಸುಸ್ತಾಗುತ್ತೆ. ಏರೋದು ಓಡಿಕೊಂಡು, ಇಳಿಯೋದು ನೋಡಿಕೊಂಡು. ನಾವು 5 ನಿಮಿಷದ ಬದಲು 26 ದಿನ ನೋಡಿದ್ವಿ, ಅಷ್ಟೇ ವ್ಯತ್ಯಾಸ.

ಹಾಗಂತ ಎಲ್ಲವನ್ನೂ ಯಂತ್ರಕ್ಕೆ ಬಿಟ್ಟು ಮಲಗಲೂ ಆಗಲ್ಲ. 2019ರ ವಿಶ್ವಕಪ್ ಸೆಮಿಫೈನಲ್ ನೆನಪಿದೆಯಾ? ಭಾರತ, ನ್ಯೂಜಿಲೆಂಡ್, ಮಳೆ, ಮರುದಿನ ಮುಂದುವರಿದ ಮ್ಯಾಚ್, ಧೋನಿ ರನೌಟ್. ನಾವಾಗ ಪ್ರೈಮರಿ ಮುಗಿಸಿದ್ದೆವು, ಅತ್ತಿದ್ದೆವು. ಆ ಹೊತ್ತಲ್ಲಿ ಹಾಟ್‌ಸ್ಟಾರ್‌ನಲ್ಲಿ ಒಟ್ಟಿಗೆ ನೋಡುತ್ತಿದ್ದವರು 2.53 ಕೋಟಿ ಜನ. ಅವರ ಎಂಜಿನಿಯರುಗಳು ಆಮೇಲೆ ಬಹಿರಂಗವಾಗಿ ವಿವರಿಸಿದ ಮಾತಿದು: ನಿಮಿಷಕ್ಕೆ ಲಕ್ಷಗಟ್ಟಲೆ ಜನ ಬರುವಾಗ ಹೊರೆ ಕಂಡ ಮೇಲೆ ಹೊಸ ಯಂತ್ರ ಎಬ್ಬಿಸುತ್ತೇನೆ ಅಂದರೆ ತಡವಾಗುತ್ತೆ, ಯಂತ್ರ ಏಳಲೂ ಸಮಯ ಬೇಕು. ಹಾಗಾಗಿ ಮ್ಯಾಚ್‌ಗೆ ಮುಂಚೆಯೇ ಏರಿಸಿಟ್ಟಿರುತ್ತಾರೆ. ಹಿಟ್ಟು ಹಿಂದಿನ ರಾತ್ರಿಯೇ ರುಬ್ಬಬೇಕು ಅಂತ ಅಂಕಲ್ ಹೇಳಿದ್ದು ಇದನ್ನೇ ತಾನೆ? ಇನ್ನೂ ಒಂದು ಮಜಾ ಇದೆ. ಔಟಾದ ತಕ್ಷಣ ಜನ ಬೇಜಾರಾಗಿ ಹಿಂದಿನ ಬಟನ್ ಒತ್ತುತ್ತಾರೆ, ಎಲ್ಲರೂ ಒಟ್ಟಿಗೆ ಮುಖಪುಟಕ್ಕೆ ಬಂದು ಬೀಳುತ್ತಾರೆ. ವಿಡಿಯೋ ಕಡೆ ಹೊರೆ ಇಳಿಯುವ ಹೊತ್ತಿಗೇ ಮುಖಪುಟದ ಕಡೆ ಏರುತ್ತೆ. ಜನ ಹೋಗೋದು ಕೂಡ ಒಂದು ಹೊರೆ.

ನಮಗೆ ತುಂಬ ಇಷ್ಟವಾದದ್ದು ಮಾತ್ರ ಹಳೇ ಕಥೆ. ಸೆಪ್ಟೆಂಬರ್ 15 ಬಂದರೆ ನಾವೆಲ್ಲ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕಿ, ಕ್ವಿಜ್ ಮಾಡಿ, ಸಮೋಸ ತಿಂದು ಬರುತ್ತೇವೆ. ಅವರು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಮೊದಲು ಹಾಕಿದ್ದು 1903ರಲ್ಲಿ, ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯದಲ್ಲಿ. ಆಮೇಲೆ ನಮ್ಮ ಕೆಆರ್‌ಎಸ್‌ಗೂ ಬಂದವು. ನೀರು ಒಂದು ಮಟ್ಟ ಮೀರಿದರೆ ಗೇಟು ತಾನೇ ತೆರೆದುಕೊಳ್ಳುತ್ತೆ, ಪ್ರವಾಹ ಇಳಿದರೆ ತಾನೇ ಮುಚ್ಚಿಕೊಳ್ಳುತ್ತೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಏರುವ ನೀರಿಂದಲೇ ಕೆಲಸ. ತೆರೆಯೋದಷ್ಟೇ ಗೊತ್ತಿದ್ದು ಮುಚ್ಚೋದು ಗೊತ್ತಿಲ್ಲದ ಗೇಟಾಗಿದ್ದರೆ ಬೇಸಿಗೆಗೆ ನೀರೇ ಉಳಿಯುತ್ತಿರಲಿಲ್ಲ. ಅದನ್ನು ಓದಿದ ದಿನ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ನಾವು ಕಟ್ಟಿದ್ದು ತೆರೆಯುವ ಅರ್ಧ ಗೇಟು ಮಾತ್ರ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದರು. ಮನೆಯಲ್ಲಿ ಒಂದೇ ಹಾಸಿಗೆ ಇದ್ದ ಕಾಲದ ಮಾತು. ಕ್ಲೌಡ್‌ನವರು ಹೇಳೋದು ಉಲ್ಟಾ: ನೀನು ಕಾಲು ಚಾಚು, ಹಾಸಿಗೆ ನಾವು ಉದ್ದ ಮಾಡ್ತೀವಿ. ಅದು ನಿಜ, ಅನುಕೂಲವೂ ಹೌದು. ಮಡಚೋದು ಮಾತ್ರ ನಿಮ್ಮ ಜವಾಬ್ದಾರಿ. ಗಂಟೆ ಲೆಕ್ಕದ ಬಾಡಿಗೆ ಓಡುತ್ತಿರುತ್ತೆ.

ಅಂಕಲ್ ದುಡ್ಡು ಬೇಡ ಅನ್ನುತ್ತಾರೆ ಅಂತ ನಾವು ಒಳಗೊಳಗೇ ಆಸೆ ಪಟ್ಟಿದ್ದೆವು, ಸುಳ್ಳು ಯಾಕೆ? ಅವರು ಬೇಡ ಅನ್ನಲಿಲ್ಲ. "ಒಟ್ಟಿಗೆ ಕೊಡ್ಬೇಡಿ, ಓದೋ ಮಕ್ಳು. ಸ್ವಲ್ಪ ಸ್ವಲ್ಪ ಕೊಡಿ" ಅಂದು ಉದ್ರಿ ಪುಸ್ತಕ ತೆಗೆದು ಒಂದು ಹಾಳೆಯ ಮೇಲೆ "ಸರ್ವರ್ ಹುಡುಗ್ರು" ಅಂತ ಬರೆದರು. "ಹುಡ್ಗೀರೂ ಇದೀವಿ ಅಂಕಲ್" ಅಂದಳು ಶಿರಸಿಯವಳು. ಅವರು ಹೊಡೆದು ಹಾಕಿ "ಸರ್ವರ್ ಮಕ್ಕಳು" ಅಂತ ತಿದ್ದಿದರು. ತಲೆಗೆ ತಿಂಗಳಿಗೆ 600, ಏಳು ಕಂತು. ಮೇ ತಿಂಗಳಿಂದ ಕೊಡುತ್ತಿದ್ದೇವೆ. ಐದು ಮುಗಿದಿವೆ, ಎರಡು ಬಾಕಿ. ತಿಪಟೂರಿನವನೂ ತನ್ನ 600 ಅನ್ನು ಸ್ವಂತ ಅಪ್ಪನಿಗೇ ಕಳಿಸುತ್ತಾನೆ. ಅವನ ಹೆಸರಿನ ಮುಂದೆ ಅವರು ಟಿಕ್ ಹಾಕುತ್ತಾರೆ, ರಿಯಾಯಿತಿ ಇಲ್ಲ.

ಈ ತಿಂಗಳು ಎಂಜಿನಿಯರ್ಸ್ ಡೇ ಕ್ವಿಜ್‌ನ ಸೈಟ್ ಮತ್ತೆ ನಮಗೇ ಬಂತು. ಬೇರೆ ಯಾರೂ ಮುಂದೆ ಬರಲಿಲ್ಲ ಅನ್ನೋದೂ ಒಂದು ಕಾರಣ. ಈ ಸಲ ಸ್ಥಿರ ವಿಳಾಸ ಕಟ್ಟಿದೆವು. ಡೇಟಾಬೇಸ್ ಬೇರೆ ಇಟ್ಟೆವು. ಮುನ್ನೂರು ಜನ ಒಟ್ಟಿಗೆ ಬಂದ ಹಾಗೆ ಸುಳ್ಳು ಹೊರೆ ಹಾಕಿ ಮೊದಲೇ ಬೀಳಿಸಿ ನೋಡಿದೆವು, ಎಷ್ಟು ಮೆಮೊರಿ ಬೇಕು ಅಂತ ಅಲ್ಲೇ ಗೊತ್ತಾಯ್ತು. 500 ರೂಪಾಯಿ ದಾಟಿದರೆ ನಾಲ್ವರಿಗೂ ಮೇಲ್ ಬರುವ ಹಾಗೆ ಮಾಡಿದೆವು. ಆ ಮೇಲ್ ಬರೀ ಕೂಗುತ್ತೆ, ಯಂತ್ರ ನಿಲ್ಲಿಸಲ್ಲ ಅನ್ನೋದು ನೆನಪಿರಲಿ. ಕೊನೆಗೆ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಹಾಸ್ಟೆಲ್ ಗೋಡೆಗೆ ಅಂಟಿಸಿದೆವು: ಏರಿಸೋದು 14ರ ಸಂಜೆ 6, ಲೋಕಲ್. ಇಳಿಸೋದು 16ರ ಬೆಳಿಗ್ಗೆ 10, ದಾವಣಗೆರೆ. ಇಳಿಸಿದ್ದನ್ನು ನೋಡೋದು, ಶಿರಸಿ.

16ರ ಬೆಳಿಗ್ಗೆ 10 ಗಂಟೆ 5 ನಿಮಿಷಕ್ಕೆ ತಿಪಟೂರಿನವನ ಫೋನ್ ಬಂತು. ಹೋಟೆಲ್ ಗದ್ದಲದ ನಡುವೆ ಅಂಕಲ್ ಕೂಗಿದರು.

"ಏನ್ರಪ್ಪಾ, ಒಲೆ ಆರಿಸಿದ್ರಾ?"

ದಾವಣಗೆರೆಯವಳು ಸ್ಕ್ರೀನ್ ಇನ್ನೊಂದು ಸಲ ನೋಡಿದಳು.

"ಆರಿಸಿದ್ವಿ ಅಂಕಲ್."